ಲ್ಯಾಪ್‌ಟಾಪ್‌ಗೆ ವಯಸ್ಸಾಗುವುದು ಬಿಡಿಬಿಡಿಯಾಗಿ

2020ರ ಲಾಕ್‌ಡೌನ್ ಕಾಲದಲ್ಲಿ ಎಷ್ಟೋ ಮನೆಗಳಿಗೆ ಮೊದಲ ಲ್ಯಾಪ್‌ಟಾಪ್ ಬಂತು. ಮಕ್ಕಳ ಆನ್‌ಲೈನ್ ಪಾಠಕ್ಕೆ, ದೊಡ್ಡವರ ಕಚೇರಿ ಕೆಲಸಕ್ಕೆ ಎಂದು ಕಂತಿನ ಮೇಲೆ ಕೊಂಡವರೂ ಇದ್ದಾರೆ, ಯಾರೋ ಬಳಸಿ ಬಿಟ್ಟದ್ದನ್ನು ಕಡಿಮೆ ಬೆಲೆಗೆ ತಂದವರೂ ಇದ್ದಾರೆ. ಆ ಯಂತ್ರಗಳೆಲ್ಲ ಈಗ ಐದು ವರ್ಷ ದಾಟಿವೆ. ಸ್ವಿಚ್ ಒತ್ತಿ ಕಾಯುತ್ತ ಕೂರಬೇಕು, ಚಾರ್ಜರ್ ಕಿತ್ತರೆ ಅರ್ಧ ಗಂಟೆಯಲ್ಲಿ ಆರಿಹೋಗುತ್ತದೆ, ತೊಡೆಯ ಮೇಲಿಟ್ಟರೆ ಸುಡುತ್ತದೆ. ದುರಸ್ತಿಗೆ ಒಯ್ದರೆ, ‘ಹಳೇದಾಯ್ತು, ಹೊಸದು ತಗೊಳ್ಳಿ’ ಎಂಬ ಮಾತು ಕೇಳಿಸುತ್ತದೆ.

ಆ ಮಾತನ್ನು ಕೂಡಲೇ ಒಪ್ಪಬೇಕಿಲ್ಲ. ಲ್ಯಾಪ್‌ಟಾಪ್ ಇಡಿಯಾಗಿ ಮುದಿಯಾಗುವ ವಸ್ತುವಲ್ಲ. ಒಳಗಿನ ಪ್ರೊಸೆಸರ್‌ಗೆ ವರ್ಷಗಳು ಕಳೆದವೆಂದು ವೇಗ ಕುಂದುವುದಿಲ್ಲ. ಸವೆಯುವುದು ಬ್ಯಾಟರಿ, ತಿರುಗುವ ಹಾರ್ಡ್ ಡಿಸ್ಕ್, ಫ್ಯಾನು, ಮುಚ್ಚಳದ ಕೀಲು. ಒಂದೊಂದಕ್ಕೂ ಕಾರಣ ಬೇರೆ, ಪರಿಹಾರವೂ ಬೇರೆ. ಸೋತಿರುವುದು ಯಾವ ಭಾಗ ಎಂದು ಗೊತ್ತಾದರೆ ಕೆಲವು ಸಾವಿರ ರೂಪಾಯಿಯಲ್ಲಿ ಮುಗಿಯುವ ಕೆಲಸಕ್ಕೆ ಹೊಸ ಯಂತ್ರದ ಬೆಲೆ ತೆರುವುದು ತಪ್ಪುತ್ತದೆ.

ಬ್ಯಾಟರಿಯ ಶತ್ರುಗಳು

ಇಂದಿನ ಲ್ಯಾಪ್‌ಟಾಪ್‌ಗಳಲ್ಲಿರುವುದು ಲಿಥಿಯಂ ಅಯಾನ್ ಬ್ಯಾಟರಿ. 1991ರಲ್ಲಿ ಸೋನಿ ಕಂಪನಿ ಇದನ್ನು ಮಾರುಕಟ್ಟೆಗೆ ತಂದಿತು. ಇದರ ಹಿಂದಿನ ಸಂಶೋಧನೆಗಾಗಿ ಜಾನ್ ಗುಡ್‌ಇನಫ್, ಸ್ಟ್ಯಾನ್ಲಿ ವಿಟಿಂಗ್‌ಹ್ಯಾಮ್, ಅಕಿರಾ ಯೋಶಿನೊ ಈ ಮೂವರಿಗೆ 2019ರ ರಸಾಯನಶಾಸ್ತ್ರದ ನೊಬೆಲ್ ಸಂದಿತು. ಚಾರ್ಜ್ ಮಾಡುವಾಗ ಲಿಥಿಯಂ ಅಯಾನುಗಳು ಒಂದು ವಿದ್ಯುದ್ವಾರದಿಂದ ಹೊರಟು ಇನ್ನೊಂದರಲ್ಲಿ ಸೇರಿಕೊಳ್ಳುತ್ತವೆ, ಬಳಸುವಾಗ ಹಿಂದಿರುಗುತ್ತವೆ. ಪ್ರತಿ ಸಲವೂ ಅತ್ಯಲ್ಪ ಪ್ರಮಾಣದ ಲಿಥಿಯಂ ಬೇಡದ ರಾಸಾಯನಿಕ ಕ್ರಿಯೆಗೆ ಸಿಕ್ಕಿ ಅಲ್ಲೇ ಉಳಿದುಬಿಡುತ್ತದೆ. ಬ್ಯಾಟರಿಯ ಶಕ್ತಿ ವರ್ಷದಿಂದ ವರ್ಷಕ್ಕೆ ಇಳಿಯುವುದು ಮುಖ್ಯವಾಗಿ ಇದರಿಂದ.

ಈ ನಷ್ಟವನ್ನು ಹೆಚ್ಚಿಸುವುದು ಎರಡು: ಮೇಲ್ಮಟ್ಟದ ವೋಲ್ಟೇಜು ಮತ್ತು ಬಿಸಿ. ಪೂರ್ತಿ ತುಂಬಿದ ಕೋಶದಲ್ಲಿ ಸುಮಾರು 4.2 ವೋಲ್ಟ್ ಇರುತ್ತದೆ. ಆ ಸ್ಥಿತಿಯಲ್ಲೇ, ಅದೂ ಬಿಸಿಯಲ್ಲಿ, ದಿನವಿಡೀ ಇಟ್ಟರೆ ಬ್ಯಾಟರಿ ಬೇಗ ಸವೆಯುತ್ತದೆ. ಮೇಜಿನ ಮೇಲೆ ಸದಾ ಚಾರ್ಜರ್‌ಗೆ ಸಿಕ್ಕಿಸಿಟ್ಟ ಲ್ಯಾಪ್‌ಟಾಪ್‌ನ ಬ್ಯಾಟರಿಯೂ ಎರಡು ಮೂರು ವರ್ಷಕ್ಕೆ ಸೋಲುವುದು ಇದಕ್ಕೇ. ಪೂರ್ತಿ ಖಾಲಿ ಮಾಡಿಯೇ ಚಾರ್ಜಿಗೆ ಹಾಕಬೇಕು ಎಂಬ ಸಲಹೆ ಹಳೆಯ ನಿಕಲ್ ಕ್ಯಾಡ್ಮಿಯಂ ಬ್ಯಾಟರಿಗಳ ಕಾಲದ್ದು. ಲಿಥಿಯಂ ಬ್ಯಾಟರಿಗೆ ಅದು ಹಾನಿ. ಚಾರ್ಜನ್ನು ಶೇಕಡಾ ಇಪ್ಪತ್ತರಿಂದ ಎಂಬತ್ತರ ನಡುವೆ ಇಟ್ಟರೆ ಅದು ಹೆಚ್ಚು ಕಾಲ ಬಾಳುತ್ತದೆ. ಲೆನೊವೊ, ಏಸುಸ್, ಡೆಲ್, ಎಚ್‌ಪಿ ಮುಂತಾದ ಕಂಪನಿಗಳ ಹಲವು ಮಾದರಿಗಳಲ್ಲಿ ಚಾರ್ಜು 80ಕ್ಕೆ ನಿಲ್ಲುವಂತೆ ಮಾಡುವ ಸೌಲಭ್ಯ ಇದೆ. ಬಹಳ ಜನ ಅದನ್ನು ತೆರೆದೇ ನೋಡಿರುವುದಿಲ್ಲ. ಲ್ಯಾಪ್‌ಟಾಪ್ ಹೆಚ್ಚಾಗಿ ಮನೆಯಲ್ಲೇ ಇರುವವರು ಇವತ್ತೇ ಅದನ್ನು ಚಾಲೂ ಮಾಡಬೇಕು.

ಬ್ಯಾಟರಿ ಎಷ್ಟು ಉಳಿದಿದೆ ಎಂದು ಊಹಿಸಬೇಕಾಗಿಯೂ ಇಲ್ಲ. ವಿಂಡೋಸ್ ಕೇಳಿದಾಗ ಬ್ಯಾಟರಿ ರಿಪೋರ್ಟ್ ಕೊಡುತ್ತದೆ. ಕಾರ್ಖಾನೆಯಿಂದ ಬಂದಾಗ ಇದ್ದ ಸಾಮರ್ಥ್ಯ, ಈಗ ಪೂರ್ತಿ ತುಂಬಿದಾಗ ಸಿಗುವ ಸಾಮರ್ಥ್ಯ ಎರಡೂ ಅದರಲ್ಲಿ ಇರುತ್ತವೆ. ಎರಡನೆಯದು ಮೊದಲನೆಯದರ ಅರ್ಧಕ್ಕೆ ಇಳಿದಿದ್ದರೆ ಬದಲಿಸುವ ಕಾಲ ಬಂದಿದೆ ಎಂದರ್ಥ. ಮ್ಯಾಕ್‌ಬುಕ್‌ನಲ್ಲಿ ಇದೇ ಮಾಹಿತಿ ಸೆಟ್ಟಿಂಗ್ಸ್‌ನ ಬ್ಯಾಟರಿ ವಿಭಾಗದಲ್ಲಿದೆ.

ಒಂದು ಎಚ್ಚರಿಕೆ. ಟಚ್‌ಪ್ಯಾಡ್ ಮೇಲೆದ್ದಂತೆ ಕಂಡರೆ, ತಳ ಉಬ್ಬಿ ಲ್ಯಾಪ್‌ಟಾಪ್ ಮೇಜಿನ ಮೇಲೆ ಅಲುಗಾಡಿದರೆ ಒಳಗೆ ಬ್ಯಾಟರಿ ಊದಿಕೊಂಡಿರಬಹುದು. ಚಾರ್ಜ್ ಮಾಡುವುದನ್ನು ಅಲ್ಲಿಗೇ ನಿಲ್ಲಿಸಿ. ಒತ್ತಬೇಡಿ, ಚುಚ್ಚಬೇಡಿ, ಬೆಂಕಿ ಹೊತ್ತಿಕೊಳ್ಳಬಲ್ಲದು. ಬಲ್ಲವರಿಂದ ತೆಗೆಸಿ.

ಬಿಸಿಯೂ ನಿಧಾನವೂ

ಪ್ರೊಸೆಸರ್ ಸುಮಾರು 100 ಡಿಗ್ರಿ ಸೆಲ್ಸಿಯಸ್‌ವರೆಗಿನ ಬಿಸಿ ತಡೆಯುವಂತೆ ರೂಪುಗೊಂಡಿರುತ್ತದೆ. ಆ ಮಿತಿ ಹತ್ತಿರವಾದಾಗ ತನ್ನ ವೇಗವನ್ನು ತಾನೇ ತಗ್ಗಿಸಿಕೊಳ್ಳುತ್ತದೆ. ಆದ್ದರಿಂದ ಬಿಸಿಯ ದೂರೂ ನಿಧಾನದ ದೂರೂ ಹಲವು ಸಲ ಒಂದೇ ಮೂಲದ್ದು.

ಬಿಸಿ ಹೊರಹೋಗುವ ದಾರಿ ಸರಳ. ಪ್ರೊಸೆಸರ್ ಮೇಲೆ ಉಷ್ಣ ದಾಟಿಸುವ ಪೇಸ್ಟ್, ಅದರ ಮೇಲೆ ತಾಮ್ರದ ಕೊಳವೆ, ಕೊಳವೆಯ ತುದಿಗೆ ತೆಳು ಹಾಳೆಗಳ ಜಾಲರಿ, ಅದಕ್ಕೆ ಗಾಳಿ ಊದುವ ಫ್ಯಾನು. ತಣ್ಣನೆಯ ಗಾಳಿ ಒಳಬರುವುದು ಬಹುತೇಕ ಮಾದರಿಗಳಲ್ಲಿ ತಳದ ಕಿಂಡಿಗಳಿಂದ. ಹಾಸಿಗೆ, ದಿಂಬು, ಸೋಫಾ ಮೇಲಿಟ್ಟರೆ ಈ ಕಿಂಡಿ ಮುಚ್ಚಿಹೋಗುತ್ತದೆ. ಮಲಗಿಕೊಂಡು ಸಿನಿಮಾ ನೋಡುವವರು ಕೆಳಗೊಂದು ಹಲಗೆಯನ್ನೋ ಅಗಲದ ಗಟ್ಟಿ ಪುಸ್ತಕವನ್ನೋ ಇಟ್ಟರೂ ಸಾಕು.

ಎರಡನೆಯ ಅಡ್ಡಿ ದೂಳು. ರಸ್ತೆ ಬದಿಯ ಮನೆಗಳಲ್ಲಿ, ಬಯಲುಸೀಮೆಯ ಬೇಸಿಗೆಯಲ್ಲಿ ಇದು ಇನ್ನೂ ಬೇಗ ತುಂಬುತ್ತದೆ. ಫ್ಯಾನಿನ ಹಿಂದಿನ ಜಾಲರಿಗೆ ದೂಳು ಮತ್ತು ಬಟ್ಟೆಯ ನೂಲು ಸೇರಿ ಕಂಬಳಿಯಂತೆ ಕಟ್ಟಿಕೊಂಡರೆ ಫ್ಯಾನು ಎಷ್ಟು ಜೋರಾಗಿ ತಿರುಗಿದರೂ ಗಾಳಿ ದಾಟುವುದಿಲ್ಲ. ವರ್ಷಕ್ಕೊಮ್ಮೆ ಬಿಚ್ಚಿಸಿ ಸ್ವಚ್ಛ ಮಾಡಿಸುವುದು, ಮೂರು ನಾಲ್ಕು ವರ್ಷಕ್ಕೊಮ್ಮೆ ಒಣಗಿದ ಪೇಸ್ಟ್ ಬದಲಿಸುವುದು ದುಬಾರಿ ಕೆಲಸವಲ್ಲ. ಸ್ವತಃ ಮಾಡುವವರು ಯಂತ್ರ ಆರಿಸಿ, ಬ್ಯಾಟರಿಯ ಸಂಪರ್ಕ ತಪ್ಪಿಸಿ, ಫ್ಯಾನಿನ ರೆಕ್ಕೆಯನ್ನು ಬೆರಳಿಂದ ಹಿಡಿದು ಗಾಳಿ ಊದಬೇಕು.

ತಡವಾಗುವುದು ಎಲ್ಲಿ?

ಆನ್ ಆಗುವುದಕ್ಕೇ ಹಲವು ನಿಮಿಷ ಹಿಡಿಯುವ ಯಂತ್ರದಲ್ಲಿ ಸಾಮಾನ್ಯವಾಗಿ ತಿರುಗುವ ಹಾರ್ಡ್ ಡಿಸ್ಕ್ ಇರುತ್ತದೆ. ಲ್ಯಾಪ್‌ಟಾಪ್‌ನ ಡಿಸ್ಕ್ ನಿಮಿಷಕ್ಕೆ ಹೆಚ್ಚಾಗಿ 5400 ಸುತ್ತು ತಿರುಗುತ್ತದೆ. ಒಂದು ಸುತ್ತಿಗೆ 11 ಮಿಲಿಸೆಕೆಂಡ್. ಗ್ರಾಮಫೋನಿನ ಮುಳ್ಳು ಹಾಡಿನ ಜಾಗಕ್ಕೆ ಹೋಗಿ ಕೂರಬೇಕಾದಂತೆ, ಇಲ್ಲಿಯೂ ಓದುವ ತಲೆ ಬೇಕಾದ ಜಾಗಕ್ಕೆ ಸರಿದು ತಟ್ಟೆ ತಿರುಗಿ ಬರುವವರೆಗೆ ಕಾಯಬೇಕು. ಹೀಗಾಗಿ ಚದುರಿದ ಸಣ್ಣ ಕಡತಗಳನ್ನು ಸೆಕೆಂಡಿಗೆ ನೂರರ ಆಸುಪಾಸು ಸಲ ಮಾತ್ರ ಮುಟ್ಟಲು ಸಾಧ್ಯ. ವಿಂಡೋಸ್ ಏಳುವಾಗ ಇಂಥ ಕಡತಗಳನ್ನು ಸಾವಿರಗಟ್ಟಲೆ ಓದುತ್ತದೆ. ಹಾರ್ಡ್ ಡಿಸ್ಕಿನ ಬದಲು ಬಳಸುವ, ಚಿಪ್‌ಗಳಲ್ಲೇ ಕಡತ ಇಡುವ ಎಸ್‌ಎಸ್‌ಡಿಯಲ್ಲಿ ತಿರುಗುವ ತಟ್ಟೆಯೇ ಇಲ್ಲ. ಅದೇ ಕೆಲಸವನ್ನು ಅದು ಸೆಕೆಂಡಿಗೆ ಹತ್ತಾರು ಸಾವಿರ ಸಲ ಮಾಡುತ್ತದೆ.

ಖಚಿತ ಮಾಡಿಕೊಳ್ಳಲು ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಕೀಲಿಗಳನ್ನು ಒಟ್ಟಿಗೆ ಒತ್ತಿ ಟಾಸ್ಕ್ ಮ್ಯಾನೇಜರ್ ತೆರೆಯಿರಿ. ಡಿಸ್ಕ್ ಎಂಬ ಕಾಲಂ ಸದಾ 100 ತೋರಿಸುತ್ತಿದ್ದರೆ ಅಡಚಣೆ ಅಲ್ಲೇ ಇದೆ. ಹಾರ್ಡ್ ಡಿಸ್ಕ್ ತೆಗೆದು ಎಸ್‌ಎಸ್‌ಡಿ ಹಾಕಿಸಿದರೆ ಅದೇ ಹಳೆಯ ಯಂತ್ರ ಅರ್ಧ ನಿಮಿಷದೊಳಗೆ ಏಳಬಹುದು. ಮೆಮೊರಿ ಕಾಲಂ 90ರ ಮೇಲಿದ್ದರೆ ರ‍್ಯಾಮ್ ಸಾಲುತ್ತಿಲ್ಲ. ನಾಲ್ಕು ಜಿಬಿ ಇಂದಿನ ಬ್ರೌಸರ್‌ಗಳಿಗೆ ಸಾಲದು, ಎಂಟು ಜಿಬಿ ಸಾಧಾರಣ ಕೆಲಸಕ್ಕೆ ಸಾಕು. ಅದೇ ಟಾಸ್ಕ್ ಮ್ಯಾನೇಜರ್‌ನ ಸ್ಟಾರ್ಟಪ್ ಪಟ್ಟಿಯಲ್ಲಿ ಬೇಡದ ಪ್ರೋಗ್ರಾಂಗಳನ್ನು ತಡೆಯುವುದಕ್ಕೆ ಒಂದು ಪೈಸೆಯೂ ಬೇಡ.

ಇಲ್ಲೊಂದು ಮಿತಿ ಇದೆ. ತೆಳ್ಳಗಿನ ಎಷ್ಟೋ ಮಾದರಿಗಳಲ್ಲಿ ರ‍್ಯಾಮ್ ಮದರ್‌ಬೋರ್ಡಿಗೇ ಬೆಸೆದಿರುತ್ತದೆ. ಅಗ್ಗದ ಕೆಲವು ಮಾದರಿಗಳಲ್ಲಿ ಸಂಗ್ರಹದ ಚಿಪ್ಪೂ ಹಾಗೆಯೇ. ಇಂಥವನ್ನು ಹೆಚ್ಚಿಸಲು ಬರುವುದಿಲ್ಲ. ಹೊಸದು ಕೊಳ್ಳುವವರು ಪರದೆಯ ಅಳತೆ ಕೇಳುವ ಮೊದಲು ರ‍್ಯಾಮ್, ಡಿಸ್ಕ್, ಬ್ಯಾಟರಿ ಬದಲಿಸಬಹುದೇ ಎಂದು ಕೇಳಬೇಕು.

ಅಪ್‌ಡೇಟ್ ನಿಂತಾಗ

ಯಂತ್ರ ಗಟ್ಟಿಯಾಗಿದ್ದರೂ ತಂತ್ರಾಂಶ ಕೈಬಿಡಬಹುದು. 2015ರಲ್ಲಿ ಬಂದ ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ 2025ರ ಅಕ್ಟೋಬರ್ 14ರಂದು ಸಾಮಾನ್ಯ ಬೆಂಬಲ ನಿಲ್ಲಿಸಿತು. ನೋಂದಾಯಿಸಿಕೊಂಡ ಮನೆ ಬಳಕೆದಾರರಿಗೆ ಭದ್ರತಾ ಅಪ್‌ಡೇಟ್‌ಗಳನ್ನು 2026ರ ಅಕ್ಟೋಬರ್ 13ರವರೆಗೆ ಕೊಡುವುದಾಗಿ ಹೇಳಿತು. ವಿಂಡೋಸ್ 11ಕ್ಕೆ ಟಿಪಿಎಂ 2.0 ಎಂಬ ಭದ್ರತಾ ವ್ಯವಸ್ಥೆಯೂ, ಇಂಟೆಲ್ ಆದರೆ ಸಾಮಾನ್ಯವಾಗಿ ಎಂಟನೆಯ ತಲೆಮಾರಿನ ಅಥವಾ ನಂತರದ ಪ್ರೊಸೆಸರೂ ಬೇಕು. 2020ರಲ್ಲಿ ಹೊಸದಾಗಿ ಕೊಂಡ ಬಹುಪಾಲು ಯಂತ್ರಗಳು ಈ ಪರೀಕ್ಷೆ ದಾಟುತ್ತವೆ. ಆಗಲೇ ಹಳೆಯದಾಗಿದ್ದುದನ್ನು ಕೊಂಡವರು ಸಿಕ್ಕಿಬೀಳುತ್ತಾರೆ.

ಅಪ್‌ಡೇಟ್ ಇಲ್ಲದಿದ್ದರೆ ಏನಾಗುತ್ತದೆ ಎಂಬುದಕ್ಕೆ ವನ್ನಾಕ್ರೈ ಉದಾಹರಣೆ. 2017ರ ಮೇ 12ರಂದು ಹರಡತೊಡಗಿದ ಈ ದಾಳಿ ಜಗತ್ತಿನಾದ್ಯಂತ ಕಂಪ್ಯೂಟರ್‌ಗಳ ಕಡತಗಳಿಗೆ ಬೀಗ ಜಡಿದು ಹಣ ಕೇಳಿತು. ಬ್ರಿಟನ್ನಿನ ಸರ್ಕಾರಿ ಆಸ್ಪತ್ರೆಗಳೂ ತತ್ತರಿಸಿದವು. ಅದು ನುಸುಳಿದ ಬಿರುಕನ್ನು ಮುಚ್ಚುವ ಅಪ್‌ಡೇಟನ್ನು ಮೈಕ್ರೋಸಾಫ್ಟ್ ಅದೇ ವರ್ಷದ ಮಾರ್ಚಿನಲ್ಲೇ ಬಿಡುಗಡೆ ಮಾಡಿತ್ತು. ಹಾಕಿಕೊಂಡವರು ಉಳಿದರು.

ವಿಂಡೋಸ್ 11 ಒಪ್ಪದ ಯಂತ್ರಕ್ಕೆ ಲಿನಕ್ಸ್ ಒಳ್ಳೆಯ ದಾರಿ. ಉಬುಂಟು, ಲಿನಕ್ಸ್ ಮಿಂಟ್ ಉಚಿತ. ಬ್ರೌಸರ್, ಪತ್ರ, ಲೆಕ್ಕದ ಹಾಳೆ, ವಿಡಿಯೊಗಳಿಗೆ ಸಾಕಾಗುತ್ತವೆ. ಕನ್ನಡ ಟೈಪಿಸಲು ನುಡಿ ತಂತ್ರಾಂಶ ಬಳಸಿ ರೂಢಿಯಾದವರಿಗೆ ಅದೇ ಕಗಪ ಕೀಲಿಮಣೆ ಲಿನಕ್ಸ್‌ನಲ್ಲೂ ಸಿಗುತ್ತದೆ. ವಿಂಡೋಸ್‌ನಲ್ಲಷ್ಟೇ ನಡೆಯುವ ತಂತ್ರಾಂಶ ಯಾವುದಾದರೂ ಬೇಕೇ ಎಂದು ಮೊದಲು ನೋಡಿಕೊಳ್ಳಿ. ಡಿಸ್ಕಿಗೆ ಹಾಕುವ ಮುನ್ನ ಪೆನ್‌ಡ್ರೈವ್‌ನಿಂದಲೇ ನಡೆಸಿ ಪರೀಕ್ಷಿಸಬಹುದು.

ಮಳೆ, ಸಿಡಿಲು, ಕಾಫಿ

ನಮ್ಮ ಹವೆಗೆ ಬೇಕಾದ ಕೆಲವು ಎಚ್ಚರಗಳು ಕಂಪನಿಯ ಕೈಪಿಡಿಯಲ್ಲಿ ಇಲ್ಲದಿರಬಹುದು. ಮುಂಗಾರಿಗೆ ಮುಂಚಿನ ಗುಡುಗು ಮಳೆಯಲ್ಲಿ ಸಿಡಿಲಿನ ಆಘಾತ ವಿದ್ಯುತ್ ತಂತಿಯಿಂದಷ್ಟೇ ಅಲ್ಲ, ಇಂಟರ್ನೆಟ್ ಕೇಬಲ್ಲಿನಿಂದಲೂ ಬರುತ್ತದೆ. ಸ್ವಿಚ್ ಆರಿಸಿದರೆ ಸಾಲದು, ಎರಡನ್ನೂ ಕಿತ್ತಿಡಬೇಕು. ಕರಾವಳಿ, ಮಲೆನಾಡಿನ ಮಳೆಗಾಲದಲ್ಲಿ ಲ್ಯಾಪ್‌ಟಾಪನ್ನು ತಿಂಗಳುಗಟ್ಟಲೆ ಬ್ಯಾಗಿನೊಳಗೆ ಮುಚ್ಚಿಡಬೇಡಿ. ಆಗಾಗ ಚಾಲೂ ಮಾಡಿದರೆ ಒಳಗಿನ ತೇವ ಆರುತ್ತದೆ. ಲೋಹದ ಮೈಯ ಲ್ಯಾಪ್‌ಟಾಪ್ ಚಾರ್ಜಿಗಿಟ್ಟಾಗ ಅಂಗೈ ಜುಮ್ಮೆಂದರೆ ಮನೆಯ ಸಾಕೆಟ್ಟಿಗೆ ಸರಿಯಾದ ಅರ್ಥಿಂಗ್ ಇದೆಯೇ ಎಂದು ಎಲೆಕ್ಟ್ರಿಷಿಯನ್‌ನಿಂದ ನೋಡಿಸಿ. ಮೂರು ಪಿನ್ನಿನ ಚಾರ್ಜರನ್ನು ಎರಡು ಪಿನ್ನಿನ ಜಾಗಕ್ಕೆ ಹೊಂದಿಸಿ ಬಳಸಬೇಡಿ.

ಕಾಫಿ ಚೆಲ್ಲಿದರೆ ಕೂಡಲೇ ಚಾರ್ಜರ್ ಕಿತ್ತು, ಪವರ್ ಬಟನ್ ಒತ್ತಿ ಹಿಡಿದು ಆರಿಸಿ, ಕೀಲಿಮಣೆ ಕೆಳಮುಖವಾಗುವಂತೆ ಬೋರಲು ಹಾಕಿ. ಅಕ್ಕಿಯಲ್ಲಿ ಹೂತಿಡುವುದರಿಂದ ಪ್ರಯೋಜನವಿಲ್ಲ. ಸಕ್ಕರೆ, ಹಾಲಿನ ಅಂಶ ಒಳಗೇ ಉಳಿದು ಲೋಹವನ್ನು ತಿನ್ನುತ್ತದೆ. ಆನ್ ಆಗುತ್ತದೆಯೇ ಎಂದು ಪರೀಕ್ಷಿಸದೆ, ಬಿಚ್ಚಿ ಆಲ್ಕೋಹಾಲಿನಿಂದ ತೊಳೆಯಬಲ್ಲ ತಂತ್ರಜ್ಞರ ಬಳಿಗೆ ಒಯ್ಯಿರಿ.

ಕಡತಗಳಿಗೆ ಇನ್ನೊಂದು ಮನೆ

ಹಾರ್ಡ್ ಡಿಸ್ಕ್ ಹಾಳಾಗುವ ಮುನ್ನ ಸದ್ದು ಮಾಡುವುದುಂಟು. ಎಸ್‌ಎಸ್‌ಡಿ ಎಷ್ಟೋ ಸಲ ಸೂಚನೆಯನ್ನೇ ಕೊಡದೆ ನಿಂತುಹೋಗುತ್ತದೆ. ಅದಕ್ಕೇ ತಜ್ಞರು ಮೂರು, ಎರಡು, ಒಂದು ಎಂಬ ಸೂತ್ರ ಹೇಳುತ್ತಾರೆ: ಮೂರು ಪ್ರತಿ, ಎರಡು ಬಗೆಯ ಸಾಧನಗಳಲ್ಲಿ, ಒಂದು ಮನೆಯ ಹೊರಗೆ. ಲ್ಯಾಪ್‌ಟಾಪಿನಲ್ಲಿ ಒಂದು, ಹೊರಗಿನ ಹಾರ್ಡ್ ಡಿಸ್ಕ್‌ನಲ್ಲಿ ಒಂದು, ಕ್ಲೌಡ್‌ನಲ್ಲಿ ಒಂದು ಇದ್ದರೆ ಸೂತ್ರ ಪಾಲಿಸಿದಂತೆ. ಸಿಂಕ್ ಆಗುತ್ತಿದೆ ಎಂದು ಮಾತ್ರ ನಂಬಿ ಕೂರಬೇಡಿ. ಇಲ್ಲಿ ಅಳಿಸಿದ್ದು ಅಲ್ಲಿಯೂ ಅಳಿಯುತ್ತದೆ.

ಹೊಸ ವಿಂಡೋಸ್ ಯಂತ್ರಗಳಲ್ಲಿ ಡಿಸ್ಕ್ ತಾನಾಗಿಯೇ ಗೂಢಲಿಪಿಗೆ ಒಳಗಾಗಿರುವುದುಂಟು. ಮದರ್‌ಬೋರ್ಡ್ ಬದಲಿಸಿದರೆ ಅದನ್ನು ತೆರೆಯಲು 48 ಅಂಕಿಗಳ ಬಿಟ್‌ಲಾಕರ್ ಕೀ ಕೇಳುತ್ತದೆ. ಅದು ಸಾಮಾನ್ಯವಾಗಿ ನಿಮ್ಮ ಮೈಕ್ರೋಸಾಫ್ಟ್ ಖಾತೆಯಲ್ಲಿರುತ್ತದೆ. ಈಗಲೇ ತೆಗೆದು ಕಾಗದದಲ್ಲಿ ಬರೆದಿಡಿ.

ಕನ್ನಡದಲ್ಲಿ ಬರೆಯುವವರಿಗೆ ಇನ್ನೊಂದು ಕೆಲಸ ಇದೆ. ಯೂನಿಕೋಡ್ ಬಳಕೆ ಹರಡುವ ಮೊದಲು ನುಡಿ, ಬರಹ ತಂತ್ರಾಂಶಗಳ ಹಳೆಯ ಫಾಂಟ್‌ಗಳಲ್ಲಿ ಟೈಪಿಸಿದ ಕತೆ, ಪ್ರಬಂಧ, ಪಹಣಿ ಪತ್ರದ ಪ್ರತಿಗಳು ಆ ಫಾಂಟ್ ಇಲ್ಲದ ಯಂತ್ರದಲ್ಲಿ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳಾಗಿ ಕಾಣುತ್ತವೆ. ಹಳೆಯ ಲ್ಯಾಪ್‌ಟಾಪ್ ಉಸಿರಾಡುತ್ತಿರುವಾಗಲೇ ಪರಿವರ್ತಕ ತಂತ್ರಾಂಶದಿಂದ ಅವನ್ನು ಯೂನಿಕೋಡ್‌ಗೆ ತಂದಿಟ್ಟುಕೊಳ್ಳಬೇಕು.

ಯಾವಾಗ ಬಿಡಬೇಕು?

ಮದರ್‌ಬೋರ್ಡ್ ಸುಟ್ಟು ಅದರ ಬೆಲೆ ಹೊಸ ಯಂತ್ರದ ಅರ್ಧ ದಾಟಿದರೆ, ಬಿಡಿಭಾಗವೇ ಸಿಗದಿದ್ದರೆ ಬಿಡುವುದೇ ಸರಿ. ಆಗಲೂ ಗುಜರಿಗೆ ಹಾಕಬೇಡಿ. 2023ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಇ-ತ್ಯಾಜ್ಯ ನಿಯಮಗಳು ತಯಾರಕರ ಮೇಲೆ ಮರುಬಳಕೆಯ ಹೊಣೆ ಹೊರಿಸಿವೆ. ಕಡತಗಳನ್ನು ಪೂರ್ತಿ ಅಳಿಸಿ, ನೋಂದಾಯಿತ ಮರುಬಳಕೆ ಘಟಕಕ್ಕೆ ಒಪ್ಪಿಸಿ. ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆ 2022ರ ಡಿಸೆಂಬರಿನಲ್ಲಿ ದುರಸ್ತಿಯ ಹಕ್ಕಿಗಾಗಿ ಜಾಲತಾಣವನ್ನೂ ತೆರೆದಿದೆ. ದುರಸ್ತಿ ಮಾಡಿಸುವುದು ನಮ್ಮ ಹಕ್ಕು ಎಂಬ ಮಾತು ಸರ್ಕಾರದ ಮಟ್ಟದಲ್ಲೂ ಒಪ್ಪಿಗೆ ಪಡೆಯುತ್ತಿದೆ.

ಲ್ಯಾಪ್‌ಟಾಪ್ ಒಂದರ ಜೀವಮಾನದ ಇಂಗಾಲ ಹೊರಸೂಸುವಿಕೆಯ ಬಹುಪಾಲು ಅದನ್ನು ತಯಾರಿಸುವಾಗಲೇ ಆಗಿಹೋಗಿರುತ್ತದೆ. ಇರುವುದನ್ನು ಇನ್ನೆರಡು ವರ್ಷ ಬಳಸಿದರೆ ಜೇಬಿಗೂ ನೆಲಕ್ಕೂ ಉಳಿತಾಯ. ಈ ಭಾನುವಾರ ಒಂದು ಗಂಟೆ ಬಿಡುವು ಮಾಡಿಕೊಳ್ಳಿ. ಮೊದಲು ಬ್ಯಾಕಪ್ ತೆಗೆಯಿರಿ, ಆಮೇಲೆ ಚಾರ್ಜನ್ನು 80ಕ್ಕೆ ಮಿತಿಗೊಳಿಸಿ, ಬಾಕಿ ಇರುವ ಅಪ್‌ಡೇಟ್ ಹಾಕಿ. ಬ್ಯಾಟರಿ, ಡಿಸ್ಕ್, ಫ್ಯಾನು ದುಡ್ಡಿಗೆ ಸಿಗುತ್ತವೆ, ಬ್ಯಾಕಪ್ ಇಲ್ಲದೆ ಕಳೆದ ಕಡತ ಸಿಗುವುದಿಲ್ಲ.