ಶರಾವತಿ ಕಣಿವೆಯ ನಕ್ಷೆ: ಗೆರೆ ಎಳೆಯುವವರು ಯಾರು?

ಶರಾವತಿ ಪಂಪ್ಡ್ ಸ್ಟೋರೇಜ್ ಯೋಜನೆಯ ವಿವಾದವು 2025ರ ಸೆಪ್ಟೆಂಬರಿನಲ್ಲಿ ಕಾರ್ಗಲ್ ಹಾಗೂ ಗೇರುಸೊಪ್ಪೆಯ ಸಾರ್ವಜನಿಕ ಅಹವಾಲು ಸಭೆಗಳಲ್ಲಿ ಭುಗಿಲೆದ್ದಿತು. ಆದರೆ ಇದರ ಮೂಲ 2020ರಲ್ಲಿದೆ. ರಾಷ್ಟ್ರೀಯ ವನ್ಯಜೀವಿ ಮಂಡಳಿಯ ಸ್ಥಾಯಿ ಸಮಿತಿಯು ಅಭಯಾರಣ್ಯದೊಳಗೆ ಸರ್ವೆ ನಡೆಸಲು ಸಮ್ಮತಿಸಿದ್ದು ಆಗ. ಬರಿಯ ಸರ್ವೆ ತಾನೆ ಎಂಬ ಸಮಾಧಾನವನ್ನು ನಾವು ಒಪ್ಪಲಾರೆವು.

ಯೋಜನೆಯ ತಿರುಳು ಸರಳ. ಮೇಲಿನ ತಲಕಳಲೆ ಜಲಾಶಯಕ್ಕೂ ಕೆಳಗಿನ ಗೇರುಸೊಪ್ಪೆ ಜಲಾಶಯಕ್ಕೂ 450 ಮೀಟರಿಗೂ ಮಿಕ್ಕಿದ ಎತ್ತರದ ವ್ಯತ್ಯಾಸವಿದೆ. ಬೇಡಿಕೆ ಹೆಚ್ಚಿದಾಗ ನೀರನ್ನು ಇಳಿಸಿ 2000 ಮೆಗಾವಾಟ್ ವಿದ್ಯುತ್ ಪಡೆಯುವುದು, ಉಳಿದ ವೇಳೆ ಅದನ್ನೇ ಮೇಲಕ್ಕೆತ್ತುವುದು. ಎಂಜಿನಿಯರರ ಸಮೋನ್ನತಿ ರೇಖೆಗಳು ಇಳಿಜಾರನ್ನೂ ಸುರಂಗದ ದಾರಿಯನ್ನೂ ಚೆನ್ನಾಗಿಯೇ ತೋರಿಸುತ್ತವೆ. ಸಿಂಗಳೀಕ ಬದುಕುವುದಾದರೋ ನೆಲದ ಮೇಲಲ್ಲ, ಮರದ ತುದಿಗಳಲ್ಲಿ. ರಸ್ತೆ ಅಗಲವಾಗಿ ಎರಡು ಮರಗಳ ಕೊಂಬೆಗಳು ಬೇರೆಯಾದರೆ ಅದರ ಪಾಲಿಗೆ ಕಾಡೇ ಎರಡಾಗುತ್ತದೆ. ನೆಲದ ಎತ್ತರವನ್ನಷ್ಟೇ ಅಳೆದ ನಕ್ಷೆಯಲ್ಲಿ ಇದು ಕಾಣದು. ಸುಮಾರು 930 ಚದರ ಕಿಲೋಮೀಟರಿನ ಅಭಯಾರಣ್ಯದಲ್ಲಿ ಯೋಜನೆಗೆ ಬೇಕಾದದ್ದು ಕೇವಲ 54 ಹೆಕ್ಟೇರ್ ಅರಣ್ಯ ಎಂಬ ವಾದ ಸೋಲುವುದೂ ಇಲ್ಲಿಯೇ.

ಮನುಷ್ಯರ ಲೆಕ್ಕವೂ ಹೀಗೆಯೇ. 1964ರ ಲಿಂಗನಮಕ್ಕಿ ಅಣೆಕಟ್ಟಿನ ಮುಳುಗಡೆಗೆ ಸಿಕ್ಕಿದ ಅನೇಕ ಕುಟುಂಬಗಳು ಆರು ದಶಕ ಕಳೆದರೂ ಹಕ್ಕುಪತ್ರಕ್ಕಾಗಿ ಕಾದಿವೆ. ಇವರಿಗೆ ಹಂಚಿದ ನೆಲ ದಾಖಲೆಯಲ್ಲಿ ಇನ್ನೂ ಅರಣ್ಯವೇ!

ಫತೇಗಂಜಿನಲ್ಲಿ ನೆಲೆಸಿದ ನಮಗೆ ಇಂಥ ಗೆರೆಗಳ ಬಲ ಹೊಸದೇನಲ್ಲ. ವಡೋದರೆಗೆ ಹತ್ತಿರದ ಸರ್ದಾರ್ ಸರೋವರದ ಹಿನ್ನೀರಿನ ಮಟ್ಟವನ್ನು ಮರುಲೆಕ್ಕ ಹಾಕಿದಾಗ ಮಧ್ಯಪ್ರದೇಶದ 15,900ಕ್ಕೂ ಹೆಚ್ಚು ಕುಟುಂಬಗಳು ಮುಳುಗಡೆಯ ಪಟ್ಟಿಯಿಂದ ಹೊರಬಿದ್ದವು. 2023ರ ಸೆಪ್ಟೆಂಬರಿನಲ್ಲಿ ನರ್ಮದೆ ಉಕ್ಕಿ ಬಂದಾಗ ನೀರು ಆ ಗೆರೆಯಲ್ಲಿ ನಿಲ್ಲಲಿಲ್ಲ. ಪಟ್ಟಿಯಲ್ಲಿಲ್ಲದ ಮನೆಗಳಿಗೂ ನುಗ್ಗಿತು.

ವಿದ್ಯುತ್ತು ಬೇಡವೆನ್ನುವವರು ನಾವಲ್ಲ. ಸೂರ್ಯ ಮುಳುಗಿದ ಮೇಲೂ ದೀಪ ಉರಿಯಬೇಕು, ಅದಕ್ಕೆ ವಿದ್ಯುತ್ ಕೂಡಿಡುವ ಉಪಾಯವೂ ಬೇಕು. ಆದರೆ ಸರ್ವೆಯ ನಕ್ಷೆಗಳು, ಇಳಿಜಾರು ಹಾಗೂ ಭೂಕುಸಿತದ ಅಧ್ಯಯನಗಳೊಂದಿಗೆ, ಕನ್ನಡದಲ್ಲಿ ಕಣಿವೆಯ ಗ್ರಾಮ ಪಂಚಾಯಿತಿಗಳ ಗೋಡೆಯ ಮೇಲೆ ತೂಗಬೇಕು. ಅದೂ ಅನುಮತಿಗೆ ಮುನ್ನ.