ಮಾಲಿಕ ಬದಲಾದರೂ ಸೇವೆ ಅಳಿಯಬಾರದು

ಹೊಟೇಲೊಂದು ಕೈ ಬದಲಾಗುವಾಗ ಎಲ್ಲದರ ಲೆಕ್ಕವೂ ನಡೆಯುತ್ತದೆ. ಕುರ್ಚಿ, ಮೇಜು, ಪಾತ್ರೆ ಪಡಗ, ರುಬ್ಬುವ ಯಂತ್ರ, ಲೈಸೆನ್ಸು ಎಲ್ಲಕ್ಕೂ ಬೆಲೆ ಕಟ್ಟಲಾಗುತ್ತದೆ; ಹೊಟೇಲಿನ ಹೆಸರಿಗೂ ಒಂದು ಬೆಲೆಯುಂಟು. ಆದರೆ ಆ ಹೆಸರನ್ನು ಗಳಿಸಿಕೊಟ್ಟ ಅಡಿಗೆಯವನ, ಸಪ್ಲಾಯರನ, ಗಲ್ಲೆಯಲ್ಲಿ ಕುಳಿತ ಗುಮಾಸ್ತನ ದುಡಿಮೆಯ ವರ್ಷಗಳು ಮಾತ್ರ ಯಾವ ಪಟ್ಟಿಯಲ್ಲಿಯೂ ಸೇರುವುದಿಲ್ಲ. ಬೆಳಗಾಗುವಷ್ಟರಲ್ಲಿ ಹೊಸ ಧನಿಗಳು ಬರುತ್ತಾರೆ. ಹದಿನೆಂಟು ವರ್ಷ ಒಲೆಯ ಮುಂದೆ ಬೆಂದವನು ಅಂದೇ ಸೇರಿದ ಹುಡುಗನಿಗೆ ಸಮಾನನಾಗುತ್ತಾನೆ. ಈ ಅನ್ಯಾಯ ನಮ್ಮ ಜನರಲ್ಲಿ ಎಷ್ಟು ರೂಢಿಯಾಗಿದೆಯೆಂದರೆ, ಇದನ್ನು ಅನ್ಯಾಯವೆಂದು ಭಾವಿಸುವವರೇ ವಿರಳರಾಗಿದ್ದಾರೆ.

ಕಾಯದೆ ಈ ವಿಷಯದಲ್ಲಿ ಮೂಕವಾಗಿಲ್ಲ. ಪಂಢರಪುರದ ಯಾತ್ರಿಕರನ್ನು ಹೊತ್ತೊಯ್ಯುತ್ತಿದ್ದ ಬಾರ್ಸಿ ಲೈಟ್ ರೈಲ್ವೆಯನ್ನು ಸರಕಾರ 1954ರ ಜನವರಿ 1ರಂದು ವಹಿಸಿಕೊಂಡಿತು. ಹಳೆಯ ಕಂಪನಿ ತನ್ನ ನೌಕರರ ಸೇವೆಯನ್ನು ಮುಗಿಸಿತು. ಅವರಿಗೆ ಪರಿಹಾರ ಸಲ್ಲಬೇಕೇ ಎಂಬ ವಿವಾದ ಸರ್ವೋಚ್ಚ ನ್ಯಾಯಾಲಯದವರೆಗೆ ಹೋಯಿತು. ಉದ್ಯಮವು ಕೈ ಬದಲಾದಾಗ ಕೆಲಸ ಹೋಗುವುದು ಕಾಯದೆಯ ಅರ್ಥದಲ್ಲಿ ‘ಕಡಿತ’ವಲ್ಲ, ಆದ್ದರಿಂದ ಪರಿಹಾರವಿಲ್ಲ ಎಂಬ ಅರ್ಥದ ತೀರ್ಪು 1956ರ ನವೆಂಬರ 27ರಂದು ಹೊರಬಿದ್ದಿತು. ಈ ಕೊರತೆಯನ್ನು ತುಂಬಲು ಸಂಸತ್ತು 1957ರಲ್ಲಿ ಔದ್ಯೋಗಿಕ ವಿವಾದಗಳ ಕಾಯದೆಯನ್ನು ತಿದ್ದಿ, ಆ ತೀರ್ಪಿನ ಮರುದಿನದಿಂದಲೇ ಅನ್ವಯವಾಗುವಂತೆ ಮಾಡಿತು. ಅದರ ಸಾರವು 2025ರ ನವೆಂಬರ 21ರಂದು ಜಾರಿಗೆ ಬಂದ 2020ರ ಔದ್ಯೋಗಿಕ ಸಂಬಂಧಗಳ ಸಂಹಿತೆಯಲ್ಲಿಯೂ ಉಳಿದುಕೊಂಡಿದೆ.

ಆ ಸಾರವೇನೆಂಬುದನ್ನು ನಮ್ಮ ವಾಚಕರು ಮನನ ಮಾಡಿಕೊಳ್ಳಬೇಕು. ಒಡೆತನವಾಗಲಿ, ಬರಿಯ ಆಡಳಿತವಾಗಲಿ ಒಬ್ಬರಿಂದ ಇನ್ನೊಬ್ಬರಿಗೆ ಹೋದಾಗ, ಕನಿಷ್ಠ ಒಂದು ವರ್ಷ ಸತತವಾಗಿ ದುಡಿದ ನೌಕರನಿಗೆ, ಕೆಲಸದಿಂದ ಕಡಿತಗೊಂಡವನಿಗೆ ಸಿಗುವಂತೆಯೇ, ನೋಟೀಸು ಮತ್ತು ಪ್ರತಿಯೊಂದು ವರ್ಷದ ಸೇವೆಗೆ 15 ದಿನಗಳ ಸರಾಸರಿ ವೇತನ ಸಲ್ಲಬೇಕು. ಮೂರು ಕರಾರುಗಳು ಒಟ್ಟಿಗೆ ಈಡೇರಿದರೆ ಮಾತ್ರ ಇದರಿಂದ ವಿನಾಯಿತಿ: ಸೇವೆಗೆ ಭಂಗ ಬಂದಿರಬಾರದು, ಹೊಸ ಕರಾರುಗಳು ಹಳೆಯವುಗಳಿಗಿಂತ ಕೀಳಾಗಿರಬಾರದು, ಮುಂದೆಂದಾದರೂ ಕಡಿತ ಮಾಡುವ ಪ್ರಸಂಗ ಬಂದರೆ ಹಳೆಯ ವರ್ಷಗಳನ್ನೂ ಎಣಿಸಿ ಪರಿಹಾರ ಕೊಡಲು ಹೊಸ ಮಾಲಿಕನು ಬದ್ಧನಾಗಿರಬೇಕು. ಎಂದರೆ, ಹಳೆಯ ಧನಿ ಹಣ ಕೊಟ್ಟು ಕಳಿಸಬೇಕು, ಇಲ್ಲವೆ ಹೊಸ ಧನಿ ವರ್ಷಗಳ ಸಮೇತ ಸ್ವೀಕರಿಸಬೇಕು. ಎರಡೂ ಇಲ್ಲದ ಮೂರನೆಯ ದಾರಿ ಕಾಯದೆಯಲ್ಲಿಲ್ಲ. ನಮ್ಮ ಬೀದಿಗಳಲ್ಲಿ ನಡೆಯುತ್ತಿರುವುದು ಬಹುಮಟ್ಟಿಗೆ ಆ ಮೂರನೆಯ ದಾರಿಯೇ.

ಲೆಕ್ಕ ಹಾಕಿ ನೋಡಿದರೆ ನಷ್ಟದ ಆಳ ತಿಳಿಯುತ್ತದೆ. ಹದಿನೆಂಟು ವರ್ಷದ ಸೇವೆಗೆ 270 ದಿನಗಳ ವೇತನ. ಹೊಟೇಲು ಮಾರಾಟವಾದ ಮೇಲಿನ ಎರಡು ವರ್ಷಗಳನ್ನಷ್ಟೇ ಎಣಿಸಿದರೆ 30 ದಿನಗಳದು. ಹಣದ ಮಾತು ಅಲ್ಲಿಗೇ ಮುಗಿಯುವುದಿಲ್ಲ. ಜನ ಕಡಿಮೆ ಮಾಡುವಾಗ ಕೊನೆಗೆ ಬಂದವನು ಮೊದಲು ಹೋಗಬೇಕೆಂಬುದು ನಿಯಮ. ಸೇವಾಜ್ಯೇಷ್ಠತೆಯನ್ನು ಕಳೆದುಕೊಂಡ ಹಿರಿಯನು ಕಾಗದದ ಮೇಲೆ ಕಿರಿಯನಾಗುತ್ತಾನೆ. ವಯಸ್ಸು ಮಾತ್ರ ಹಿರಿದಾಗಿಯೇ ಉಳಿಯುತ್ತದೆ.

ಗುಮಾಸ್ತ ಬಂಧುಗಳಿಗೆ ಇದು ಹೊಸ ವಿಷಯವಲ್ಲ. 1956ರಲ್ಲಿ ರಾಜ್ಯಗಳ ಪುನರ್ವಿಂಗಡಣೆಯಾದಾಗ ಮುಂಬಯಿ, ಹೈದರಾಬಾದು, ಮದರಾಸು, ಕೊಡಗುಗಳಿಂದ ಬಂದ ನೌಕರರನ್ನು ಮೈಸೂರಿನವರೊಡನೆ ಒಂದೇ ಜ್ಯೇಷ್ಠತಾ ಪಟ್ಟಿಯಲ್ಲಿ ಕೂಡಿಸುವ ಕೆಲಸ ಎಷ್ಟು ವಾದಗಳಿಗೆ ಎಡೆಮಾಡಿತೆಂಬುದನ್ನು ಹಿರಿಯರು ಬಲ್ಲರು. ಆದರೂ ಕೇಂದ್ರದ ಪೂರ್ವಾನುಮತಿಯಿಲ್ಲದೆ ಅವರ ಸೇವಾನಿಯಮಗಳನ್ನು ಅವರಿಗೆ ಹಾನಿಯಾಗುವಂತೆ ಬದಲಿಸಕೂಡದೆಂದು ಕಾಯದೆಯೇ ಹೇಳಿತ್ತು. 2019ರ ಏಪ್ರಿಲ್ 1ರಂದು ವಿಜಯಾ ಬ್ಯಾಂಕು ಬರೋಡಾ ಬ್ಯಾಂಕಿನಲ್ಲಿ, 2020ರ ಏಪ್ರಿಲ್ 1ರಂದು ಸಿಂಡಿಕೇಟ್ ಬ್ಯಾಂಕು ಕೆನರಾ ಬ್ಯಾಂಕಿನಲ್ಲಿ, ಕಾರ್ಪೊರೇಶನ್ ಬ್ಯಾಂಕು ಯೂನಿಯನ್ ಬ್ಯಾಂಕಿನಲ್ಲಿ ವಿಲೀನವಾದಾಗ ನಮ್ಮ ಕರಾವಳಿಯ ಜನ ತಮ್ಮ ಬ್ಯಾಂಕಿನ ಹೆಸರು ಅಳಿದುದಕ್ಕಾಗಿ ನೊಂದರು. ಆದರೆ ನೌಕರರ ಸೇವೆ ಅಳಿಯಲಿಲ್ಲ. ಅವರ ಹಿಂದೆ ಲಿಖಿತ ಯೋಜನೆಯಿತ್ತು, ಸಂಘಟನೆಯಿತ್ತು. ಹೊಟೇಲಿನ ನೌಕರನ ಹಿಂದೆ ಇವೆರಡೂ ಇಲ್ಲ.

ಇನ್ನೊಂದು ಮಾತನ್ನು ಮರೆಮಾಚದೆ ಹೇಳಬೇಕು. ಹೊಸ ಮಾಲಿಕನು ತನ್ನನ್ನು ಇಟ್ಟುಕೊಳ್ಳಲೇಬೇಕೆಂದು ನೌಕರನು ಹಕ್ಕಿನಿಂದ ಕೇಳುವಂತಿಲ್ಲ. ಅನಕಾಪಲ್ಲಿಯ ಸಕ್ಕರೆ ಕಾರಖಾನೆಯನ್ನು ಸಹಕಾರಿ ಸಂಘವೊಂದು ಕೊಂಡಾಗ ಎದ್ದ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯವು 1962ರಲ್ಲಿ ಇದನ್ನು ಸ್ಪಷ್ಟಪಡಿಸಿದೆ: ಹಕ್ಕು ಪರಿಹಾರಕ್ಕೆ, ಅದೂ ಹಳೆಯ ಮಾಲಿಕನಿಂದ. ಅಂತೆಯೇ ತಾನಾಗಿ ರಾಜೀನಾಮೆ ಕೊಟ್ಟು ಬೇರೆ ಹೊಟೇಲಿಗೆ ಹೋದವನ ಹಿಂದೆ ಭವಿಷ್ಯನಿಧಿಯ ಖಾತೆ ಹೋದೀತು, ಜ್ಯೇಷ್ಠತೆ ಹೋಗದು. ಆದುದರಿಂದ ಜಾಗರೂಕತೆ ಬೇಕಾದುದು ಹಸ್ತಾಂತರದ ದಿನ. ಆರು ತಿಂಗಳ ಮೇಲೆ ಅಲ್ಲ. ಹಳೆಯ ಧನಿ ಊರಿಗೆ ಹೋದ ಬಳಿಕ ಯಾರನ್ನು ಕೇಳುವುದು?

ನೌಕರರಿಗೆ ನಮ್ಮ ಸೂಚನೆ ಇಷ್ಟು. ಪ್ರತಿಯೊಬ್ಬನ ಹೆಸರು, ಸೇರಿದ ದಿನಾಂಕ, ಈಗಿನ ವೇತನ ಇವುಗಳ ಪಟ್ಟಿಯೊಂದಕ್ಕೆ ಕೊಡುವವರು, ಕೊಳ್ಳುವವರು ಇಬ್ಬರೂ ರುಜು ಹಾಕಲಿ. ‘ಲೆಕ್ಕ ಚುಕ್ತಾ’ ಎಂದು ಬರೆದ ಕಾಗದಕ್ಕೆ ಹಣ ಕೈಗೆ ಬರುವ ಮುನ್ನ ಯಾರೂ ಸಹಿ ಮಾಡಬಾರದು. ಧನಿಗಳು ತಮ್ಮನ ಹೆಸರಿನಲ್ಲಿರುವ ಇನ್ನೊಂದು ಹೊಟೇಲಿಗೆ ಕಳಿಸಿದರೆ, ಸೇವೆ ಮುಂದುವರಿದಿದೆಯೆಂದು ಎರಡು ಸಾಲು ಬರೆಸಿಕೊಳ್ಳಬೇಕು. ಹೊಟೇಲನ್ನು ‘ಕಂಡಕ್ಟಿಂಗ್’ಗೆ ಕೊಟ್ಟಾಗಲೂ ಆಡಳಿತ ಕೈ ಬದಲಾಗುತ್ತದೆಂಬುದನ್ನು ಮರೆಯಬಾರದು.

ಮಾಲಿಕರಿಗೂ ಒಂದು ಮಾತು. ಇಂದು ಗಲ್ಲೆಯ ಹಿಂದೆ ಕುಳಿತಿರುವ ಅನೇಕರು ಹಿಂದೊಮ್ಮೆ ಲೋಟ ತೊಳೆದವರೇ. ಮಾರಾಟದ ಕರಾರುಪತ್ರದಲ್ಲಿ ಪಾತ್ರೆಗಳ ಪಟ್ಟಿಯ ಜೊತೆಗೆ ನೌಕರರ ಪಟ್ಟಿಯೂ ಇರಲೆಂದು ನಾವು ಕೇಳುವುದು ದಾನವನ್ನಲ್ಲ, ಸಲ್ಲಬೇಕಾದುದನ್ನು. ಕೊಳ್ಳುವವರಿಗೂ ಇದರಿಂದ ಮುಂದಿನ ವ್ಯಾಜ್ಯ ತಪ್ಪುತ್ತದೆ. ಹಬ್ಬ, ನಾಟಕ, ಸನ್ಮಾನಗಳಿಗೆ ಉತ್ಸಾಹ ತೋರುವ ನಮ್ಮ ಕನ್ನಡ ಸಂಘಗಳು ವಾರಕ್ಕೊಂದು ಸಂಜೆ ಒಬ್ಬ ವಕೀಲರನ್ನು ಕೂರಿಸಿ, ಇಂತಹ ಕಾಗದಗಳನ್ನು ಬರೆದುಕೊಡುವ ಏರ್ಪಾಡು ಮಾಡಿದರೆ ಅದಕ್ಕಿಂತ ದೊಡ್ಡ ಕನ್ನಡ ಸೇವೆ ಇನ್ನೊಂದಿಲ್ಲ. ಊರು ಬಿಟ್ಟು ಬಂದ ಬಡವನಿಗೆ ಇರುವ ಆಸ್ತಿ ಅವನು ದುಡಿದ ವರ್ಷಗಳೇ. ಅವು ಯಾರದೋ ಮಾರಾಟದಲ್ಲಿ ಪುಕ್ಕಟೆಯಾಗಿ ಹೋಗಬಾರದು.