ತಾಯ್ನಾಡು ಒಲ್ಲದ ವೈದ್ಯರು

ಜೇಮ್ಸ್ ಮೆಕ್‌ಕ್ಯೂನ್ ಸ್ಮಿತ್ ಎಂಬುವರು 1813ರಲ್ಲಿ ಅಮೆರಿಕದ ನ್ಯೂಯಾರ್ಕಿನಲ್ಲಿ ಹುಟ್ಟಿನಿಂದಲೇ ಗುಲಾಮರಾಗಿ ಜನಿಸಿದವರು. ವೈದ್ಯವಿದ್ಯೆಯನ್ನು ಕಲಿಯಬೇಕೆಂದಾಗ, ಮೈ ಕಪ್ಪೆಂಬ ಕಾರಣದಿಂದ ಅಲ್ಲಿಯ ಕಾಲೇಜುಗಳು ಅವರನ್ನು ಸೇರಿಸಿಕೊಳ್ಳಲಿಲ್ಲ. ಸಮುದ್ರವನ್ನು ದಾಟಿ ಗ್ಲಾಸ್ಗೋ ನಗರದಲ್ಲಿ ಓದಿ 1837ರಲ್ಲಿ ಎಂ.ಡಿ. ಪದವಿಯನ್ನು ಪಡೆದರು. ಅದೇ ಜನಾಂಗದ ಮೇಕನ್ ಆಲೆನ್ ಎಂಬುವರಿಗೆ ವಕೀಲರ ಸನ್ನದು ದೊರೆತುದು 1844ರಲ್ಲಿ.

ಇದು ಪರದೇಶದ ಮಾತೆಂದು ವಾಚಕರು ಪುಟವನ್ನು ಮಗುಚಬಾರದು. ಕಾಮಸಮುದ್ರದ ನಮ್ಮ ಜಗಲಿಯಲ್ಲಿ ಕುಳಿತರೆ ಮದರಾಸಿನ ಕಡೆಯಿಂದ ಬೆಂಗಳೂರಿಗೆ ಹೋಗುವ ರೈಲಿನ ಸದ್ದು ಕೇಳಿಬರುವುದು. 1864ರಲ್ಲಿ ತೆರೆದ ಈ ಹಾದಿಯಿಂದಲೇ ಡಾಕ್ಟರ್ ಪಲ್ಪುರವರು ಮೈಸೂರು ಸೀಮೆಗೆ ಬಂದಿರಬೇಕು.

ಪಲ್ಪುರವರು 1863ರಲ್ಲಿ ತಿರುವನಂತಪುರದಲ್ಲಿ, ಈಳವ ಕುಲದಲ್ಲಿ ಹುಟ್ಟಿದರು. ತಿರುವಾಂಕೂರಿನ ವೈದ್ಯಶಾಲೆಯ ಪರೀಕ್ಷೆಯಲ್ಲಿ ತೇರ್ಗಡೆಯಾದರೂ ಜಾತಿಯ ನಿಮಿತ್ತ ಸ್ಥಳವನ್ನು ಕೊಡಲಿಲ್ಲ. ಮದರಾಸಿಗೆ ಹೋಗಿ ಎಲ್.ಎಂ.ಎಸ್. ಆದರು. ಆದರೂ ಸ್ವದೇಶದ ಸರ್ಕಾರದಲ್ಲಿ ಉದ್ಯೋಗವಿಲ್ಲ! ಉದ್ಯೋಗವನ್ನು ಕೊಟ್ಟುದು ಮೈಸೂರು ಸರ್ಕಾರ. ಬೆಂಗಳೂರಿನಲ್ಲಿ ಸಿಡುಬಿನ ದಾಕಿನ ಕೆಲಸವನ್ನು ಅವರು ನೋಡಿಕೊಂಡರು. 1898ರ ಆಗಸ್ಟಿನಲ್ಲಿ ಆ ನಗರಕ್ಕೆ ಪ್ಲೇಗು ಬಂದಿತು. ಬಂಧುಗಳೇ ಬಂಧುಗಳನ್ನು ಬಿಟ್ಟು ಓಡುತ್ತಿದ್ದ ಆ ಕಾಲದಲ್ಲಿ ಪಲ್ಪುರವರು ಪ್ರಾಣದ ಹಂಗನ್ನು ತೊರೆದು ರೋಗಿಗಳ ಶಿಬಿರದಲ್ಲಿ ದುಡಿದರು. ಆಗ ನಾಡಿಯನ್ನು ಹಿಡಿದ ಕೈಯ ಕುಲವನ್ನು ಎಷ್ಟು ಮಂದಿ ಕೇಳಿದ್ದರೋ!

ಸಂಸ್ಕೃತವನ್ನು ಓದಿದ ನಮಗೆ ಇಲ್ಲಿ ಒಂದು ಹಳೆಯ ಕಥೆ ನೆನಪಾಗುವುದು. ಮನುಷ್ಯರ ನಡುವೆ ತಿರುಗಾಡಿ ಚಿಕಿತ್ಸೆ ಮಾಡುವವರೆಂದು ಅಶ್ವಿನೀದೇವತೆಗಳಿಗೆ ಉಳಿದ ದೇವತೆಗಳು ಸೋಮಪಾನವನ್ನು ನಿರಾಕರಿಸಿದ್ದರು. ಚ್ಯವನ ಮಹರ್ಷಿಯು ಅದನ್ನು ಕೊಡಿಸಬೇಕಾಯಿತು. ಮನುವಾದರೋ ಶ್ರಾದ್ಧದ ಪಂಕ್ತಿಯಿಂದ ವೈದ್ಯನನ್ನು ಹೊರಗಿಟ್ಟನು. ರೋಗವನ್ನು ಮುಟ್ಟುವವನೇ ಅಶುದ್ಧನೆಂದು ಬರೆದ ಸಮಾಜವೇ, ಮುಂದೆ ಆ ವಿದ್ಯೆಗೆ ಗೌರವ ಬಂದೊಡನೆ, ಅಶುದ್ಧರಿಗೆ ಅದು ಸಲ್ಲದೆಂದಿತು. ಈ ಕಥೆಯನ್ನು ಪಾಠಶಾಲೆಯಲ್ಲಿ ಓದುವಾಗ ನಾವು ಸಂಧಿಸಮಾಸಗಳನ್ನು ಬಿಡಿಸಿದೆವೇ ಹೊರತು ಅಶ್ವಿನಿಗಳ ಮನಸ್ಸನ್ನು ವಿಚಾರಿಸಲಿಲ್ಲ.

1891ರಲ್ಲಿ ತಿರುವಾಂಕೂರಿನ ಮಹಾರಾಜರಿಗೆ ಹತ್ತು ಸಾವಿರಕ್ಕೂ ಹೆಚ್ಚು ಪ್ರಜೆಗಳು ಉದ್ಯೋಗಗಳ ವಿಷಯದಲ್ಲಿ ಮನವಿಯನ್ನು ಸಲ್ಲಿಸಿದರು. ಈಳವರು ವಿದ್ಯಾವಿಹೀನರು, ಕುಲಕಸುಬಿನಲ್ಲಿಯೇ ತೃಪ್ತರು ಎಂಬ ಭಾವದ ಉತ್ತರ ಬಂದಿತು. ಮನವಿಗೆ ಮೊದಲಲ್ಲೇ ರುಜು ಹಾಕಿದವರಲ್ಲಿ ಪಲ್ಪುರವರೂ ಒಬ್ಬರು! 1896ರಲ್ಲಿ ಅವರು ಈಳವರದೇ ಇನ್ನೊಂದು ಮನವಿಯನ್ನು, 13,176 ರುಜುಗಳೊಡನೆ, ಒಪ್ಪಿಸಿದರು. 1903ರಲ್ಲಿ ನಾರಾಯಣ ಗುರುಗಳ ಹೆಸರಿನಲ್ಲಿ ಸ್ಥಾಪಿತವಾದ ಧರ್ಮ ಪರಿಪಾಲನ ಯೋಗಕ್ಕೂ ಅವರೇ ಬೆನ್ನೆಲುಬು.

ಮೈಸೂರಿನವರು ಇದರಿಂದ ಉಬ್ಬಬೇಕಾದುದೇನೂ ಇಲ್ಲ. ಆ ದಿನಗಳಲ್ಲಿ ನಮ್ಮಲ್ಲಿ ಪಂಚಮರ ಮಕ್ಕಳಿಗೆ ಶಾಲೆಗಳೇ ಬೇರೆಯಾಗಿದ್ದವು. ಹೊರಗಿನಿಂದ ಬಂದ ಒಬ್ಬರಿಗೆ ಕುರ್ಚಿಯನ್ನು ಕೊಡುವುದು, ಸ್ವಂತ ಊರಿನ ಕೇರಿಯ ಹುಡುಗನಿಗೆ ಮಣೆಯನ್ನು ಕೊಡುವುದಕ್ಕಿಂತ ಸುಲಭ.

ಪಲ್ಪುರವರು ತೀರಿಕೊಂಡುದು 1950ರ ಜನವರಿ 25ರಂದು. ಅಸ್ಪೃಶ್ಯತೆಯನ್ನು ನಿಷೇಧಿಸಿದ ನಮ್ಮ ಸಂವಿಧಾನವು ಮಾರನೆಯ ದಿನ ಜಾರಿಗೆ ಬಂದಿತು.